ಬೀಗ ಹಾಕದ ಪೆಟ್ಟಿಗೆ

ಇತರರು ನಂಬಿ ಒಪ್ಪಿಸಿದ ಕಾಗದಪತ್ರಗಳ ಪೆಟ್ಟಿಗೆಗೆ ನಾವು ಬೀಗ ಹಾಕಲಿಲ್ಲ. ಹನ್ನೊಂದು ದಿನಗಳ ಬಳಿಕ ನೋಡಿದರೆ ಒಂದು ಕಾಗದವೂ ಕಾಣೆಯಾಗಿಲ್ಲ. ಹಾಗಾದರೆ ನಮ್ಮಿಂದ ತಪ್ಪು ನಡೆದಿದೆಯೇ?

ನಾವು ಕೆಲವರು ಸೇರಿ ಬಡ ವಿದ್ಯಾರ್ಥಿಗಳಿಗೆ ಶುಲ್ಕದ ನೆರವು ನೀಡುತ್ತಿದ್ದೇವೆ. ಆದಾಯ ಪ್ರಮಾಣಪತ್ರ, ಆಧಾರ್ ಸಂಖ್ಯೆ, 'ತಂದೆ ಹಾಸಿಗೆ ಹಿಡಿದಿದ್ದಾರೆ' ಎಂಬಂತಹ ಟಿಪ್ಪಣಿಗಳು ಅರ್ಜಿಯೊಂದಿಗೆ ಬರುತ್ತವೆ. ಇವನ್ನೆಲ್ಲ ಯಾವುದೋ ಕಂಪೆನಿಯ ಕೈಗೆ ಕೊಡುವುದೇಕೆ, ನಮ್ಮದೇ ಸರ್ವರ್‌ನಲ್ಲಿಡೋಣ ಎಂದುಕೊಂಡೆವು. ಉದ್ದೇಶ ಒಳ್ಳೆಯದೇ ಆಗಿತ್ತು. ಹಳೆಯ ಕಂಪ್ಯೂಟರ್‌ಗೆ ಉಬುಂಟು ಲಿನಕ್ಸ್ ಹಾಕಿ, ಮೊಂಗೋಡಿಬಿ ಎಂಬ ಡಾಟಾಬೇಸ್ ಸ್ಥಾಪಿಸಿದೆವು. ಕೋಷ್ಟಕದ ಕಟ್ಟುಪಾಡಿಲ್ಲದೆ ಪ್ರತಿಯೊಂದು ಅರ್ಜಿಯನ್ನೂ ಅದರದ್ದೇ ರೂಪದಲ್ಲಿ ಇಡಬಹುದಾದ ವ್ಯವಸ್ಥೆಯದು.

ಸ್ಥಾಪಿಸಿದಾಗ ಅದು 127.0.0.1 ಎಂಬ ವಿಳಾಸಕ್ಕೆ ಮಾತ್ರ ಕಿವಿಗೊಡುತ್ತದೆ. ಅಂದರೆ ಅದೇ ಯಂತ್ರದೊಳಗಿನ ಮಾತನ್ನಷ್ಟೇ ಕೇಳುತ್ತದೆ. ಮನೆಯಿಂದಲೂ ಕೆಲಸ ಮಾಡುವ ಆಸೆಗೆ ನಾವು ಅದನ್ನು 0.0.0.0 ಎಂದು ಬದಲಿಸಿದೆವು. ಪಾಸ್‌ವರ್ಡ್ ಕೇಳುವ ಏರ್ಪಾಡು ತಾನಾಗಿ ಜಾರಿಗೆ ಬರುವುದಿಲ್ಲ, ನಾವೇ ಚಾಲೂ ಮಾಡಬೇಕು. 'ಆಮೇಲೆ' ಎಂದೆವು. ಫೈರ್‌ವಾಲ್ ಕೂಡಾ 'ಆಮೇಲೆ'. ಕೆಲಸವೇನೋ ಸುಸೂತ್ರವಾಗಿ ನಡೆಯಿತು. ಬೀಗವಿಲ್ಲದ ಬಾಗಿಲೂ ಚೆನ್ನಾಗಿಯೇ ತೆರೆದುಕೊಳ್ಳುತ್ತದಲ್ಲ!

ಇದೇನೂ ಹೊಸ ಎಡವಟ್ಟಲ್ಲ. 2017ರ ಜನವರಿಯಲ್ಲಿ ಹೀಗೆ ತೆರೆದಿಟ್ಟ ಸಾವಿರಾರು ಮೊಂಗೋಡಿಬಿ ಸರ್ವರ್‌ಗಳ ದಾಖಲೆಗಳನ್ನು ದುಷ್ಕರ್ಮಿಗಳು ಅಳಿಸಿ, ಬಿಟ್‌ಕಾಯಿನ್ ಕೇಳುವ ಚೀಟಿ ಬಿಟ್ಟು ಹೋಗಿದ್ದರು. ಹಣ ಕೊಟ್ಟರೂ ದಾಖಲೆ ಮರಳದವರಿದ್ದರು. ಅದೇ ವರ್ಷದ ಕೊನೆಗೆ ಬಂದ 3.6ನೇ ಆವೃತ್ತಿಯಿಂದ ಅದನ್ನು ಎಲ್ಲಿಂದ ಪಡೆದರೂ ಹೊರಬಾಗಿಲು ಮುಚ್ಚಿಯೇ ಇರುತ್ತದೆ. ಅಂದರೆ ನಮ್ಮ ವಿಷಯದಲ್ಲಿ ತಯಾರಕರನ್ನು ದೂರುವಂತಿಲ್ಲ. ತೆರೆದವರು ನಾವೇ.

"ಏನೂ ಹೋಗಿಲ್ಲವಲ್ಲ, ಮುಚ್ಚಿದರಾಯಿತು" ಎಂದರು ನಮ್ಮಲ್ಲೊಬ್ಬರು. ಲಾಗ್ ಕಡತದಲ್ಲಿ ಗುರುತಿಲ್ಲದ ವಿಳಾಸಗಳು ಬಂದುಹೋದ ದಾಖಲೆಯಿತ್ತು. ಅವರು ಏನು ಓದಿದರೆಂಬುದು ಇರಲಿಲ್ಲ. ನಿಧಾನವಾದ ಕೋರಿಕೆಗಳನ್ನಷ್ಟೇ ಅದು ಸಾಮಾನ್ಯವಾಗಿ ಬರೆದಿಡುತ್ತದೆ, ಬೇಗ ಓದಿ ಹೋದವನ ಸುಳಿವು ಉಳಿಯದು. ಚಿನ್ನ ಕದ್ದರೆ ಪೆಟ್ಟಿಗೆ ಖಾಲಿಯಾಗುತ್ತದೆ. ಮಾಹಿತಿ ಕದ್ದರೆ ಪೆಟ್ಟಿಗೆ ತುಂಬಿಯೇ ಇರುತ್ತದೆ. ಹೀಗಿರುವಾಗ 'ಏನೂ ಹೋಗಿಲ್ಲ' ಎನ್ನಲು ನಮ್ಮಲ್ಲೇನು ಆಧಾರವಿದೆ?

ಯಾರೂ ಓದಿಲ್ಲವೆಂದೇ ಇಟ್ಟುಕೊಳ್ಳೋಣ. ಮಗುವನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಪೇಟೆಗೆ ಹೋದವನು, ಮರಳಿ ಬಂದಾಗ ಮಗು ಅಲ್ಲೇ ಇತ್ತೆಂಬ ಕಾರಣಕ್ಕೆ ಜಾಗರೂಕನಾಗುತ್ತಾನೆಯೇ? ಮಗು ಉಳಿದದ್ದು ಅವನ ಕಾಳಜಿಯಿಂದಲ್ಲ. ಅಂದಹಾಗೆ, 'ಅಮಾನತು' ಎಂದರೆ ನಮ್ಮ ಕಚೇರಿಗಳಲ್ಲಿ ನೌಕರನನ್ನು ಕೆಲಸದಿಂದ ದೂರವಿಡುವುದು. ಅರಬಿ ಮೂಲದ ಆ ಪದಕ್ಕೆ ನಂಬಿ ಒಪ್ಪಿಸಿದ ಸೊತ್ತು ಎಂಬುದೇ ಮೊದಲ ಅರ್ಥ.

ಆದರೆ ಇನ್ನೊಬ್ಬ ಗೆಳೆಯರ ಮಾತು ಸುಲಭವಾಗಿ ತಳ್ಳಿಹಾಕುವಂತಹದ್ದಲ್ಲ. "ತಿಳಿಸಿದರೆ ಬಡವರು ಹೆದರುತ್ತಾರೆ. ಮುಂದಿನ ವರ್ಷ ಅರ್ಜಿಯೇ ಹಾಕುವುದಿಲ್ಲ. ನಷ್ಟ ಮಕ್ಕಳಿಗೆ" ಎಂದರವರು. ಈ ಮಾತಿಗೆ ನಮ್ಮಲ್ಲಿ ಪೂರ್ಣ ಉತ್ತರ ಇವತ್ತಿಗೂ ಇಲ್ಲ. ಆದರೂ, ನಾವು ಕಾಪಾಡಹೊರಟದ್ದು ಮಕ್ಕಳ ಓದನ್ನೋ ನಮ್ಮ ಮರ್ಯಾದೆಯನ್ನೋ ಎಂದು ಕೇಳಿಕೊಂಡಾಗ ನಾವೆಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಅಪಾಯಕ್ಕೊಳಗಾದದ್ದು ಅವರ ಸೊತ್ತು. ಹೆದರಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕೂ ಅವರದ್ದೇ.

ಮೊದಲು ಬಾಗಿಲು ಮುಚ್ಚಿದೆವು, ಪಾಸ್‌ವರ್ಡ್ ಹಾಕಿದೆವು. ಹಳೆಯ ವರ್ಷಗಳ ಅನಗತ್ಯ ಅರ್ಜಿಗಳನ್ನು ಅಳಿಸಿದೆವು. ಅವನ್ನು ಅಷ್ಟು ಕಾಲ ಇಟ್ಟುಕೊಂಡದ್ದಾದರೂ ಏತಕ್ಕೆ? ಬಳಿಕ 60ಕ್ಕೂ ಮಿಕ್ಕಿದ ಮನೆಗಳಿಗೆ ಫೋನು ಮಾಡಿದೆವು. ಹೆಚ್ಚಿನವರು "ಪರವಾಗಿಲ್ಲ ಸಾರ್" ಎಂದರು. ಒಬ್ಬ ತಾಯಿ ಮಾತ್ರ, "ನಾವು ಅರ್ಜಿ ಹಾಕಿದ ವಿಷಯ ನಮ್ಮ ಊರಿನವರಿಗೆ ಗೊತ್ತಾಗಿರಬಹುದೇ?" ಎಂದು ಕೇಳಿದರು. ಇಲ್ಲ ಎನ್ನಲು ನಮಗೆ ಬಾಯಿ ಬರಲಿಲ್ಲ.