ಕಾಣದ ಸರಕಿನ ವ್ಯಾಪಾರ



ಅಕ್ಕಿಯನ್ನು ಕೊಳ್ಳುವಾಗ ನಾವು ಕಾಳನ್ನು ಅಂಗೈಯಲ್ಲಿ ಹಾಕಿ ನೋಡುತ್ತೇವೆ. ಬಟ್ಟೆಯಾದರೆ ಬೆಳಕಿಗೆ ಹಿಡಿಯುತ್ತೇವೆ, ಹಾಲಾದರೆ ಬೆರಳಿನಲ್ಲಿ ಅದ್ದಿ ನೋಡುತ್ತೇವೆ. ಆದರೆ ಈ ದಿವಸಗಳಲ್ಲಿ ನಮ್ಮ ಹಳ್ಳಿಗಳಿಗೂ ಬಂದಿರುವ ಒಂದು ಸರಕುಂಟು. ಅದನ್ನು ಮುಟ್ಟಲಾಗದು, ತೂಗಲಾಗದು. ಎಷ್ಟು ಬಂತು, ಎಷ್ಟು ಬರಲಿಲ್ಲ ಎಂಬದು ಕೊಂಡವನ ಕಣ್ಣಿಗೆ ಕಾಣದು. ಅದು ಇಂಟರ್‌ನೆಟ್ಟಿನ ಸಂಪರ್ಕವೇ. ಇಂಥಾ ಸರಕನ್ನು ಮಾರುವವನು ಯಾವ ಅಳತೆಯಿಂದ ನ್ಯಾಯಸ್ಥನೆನಿಸಿಕೊಳ್ಳುವನು ಎಂಬದನ್ನು ಈ ಸಾರಿ ಸ್ವಲ್ಪ ವಿಚಾರಿಸೋಣ.

ಈ ಪ್ರಶ್ನೆಯು ನನ್ನಲ್ಲಿ ಹುಟ್ಟಿದ್ದಲ್ಲ. ನೆರೆಯ ಊರಿನ ಒಬ್ಬ ಯೌವನಸ್ಥನು, ಮೊದಲು ಟಿವಿಯ ಕೇಬಲ್ ಎಳೆಯುತ್ತಿದ್ದವನು, ಪರವಾನಗಿಯುಳ್ಳ ಒಂದು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ತಾನೇ ಸಣ್ಣದಾಗಿ ಇಂಟರ್‌ನೆಟ್ ಕೊಡುವ ಉದ್ಯೋಗವನ್ನು ಹಿಡಿಯಬೇಕೆಂದು ಸಾಲವೆತ್ತಿದ್ದನು. ಅವನು ಒಂದು ಸಂಜೆ ಬಂದು ಕೂತು, "ಅಯ್ಯನವರೇ, ಪಟ್ಟಣದಿಂದ ನಾನು ಕೊಂಡು ತರುವದು ಸೆಕೆಂಡಿಗೆ 1000 ಮೆಗಾಬಿಟ್. ಅದನ್ನು 200 ಮನೆಗಳಿಗೆ, ಮನೆಗೆ 50 ಎಂದು ಹೇಳಿ ಮಾರಬೇಕೆಂದಿದ್ದೇನೆ. ಕೂಡಿಸಿದರೆ 10,000 ಆಗುತ್ತದೆ. ನನ್ನ ಹತ್ತಿರ ಇರುವದು ಅದರ ಹತ್ತರಲ್ಲಿ ಒಂದು ಪಾಲು. ಇದು ಸುಳ್ಳು ವ್ಯಾಪಾರವೋ?" ಎಂದು ಕೇಳಿದನು. ಲಾಭದ ಲೆಕ್ಕವನ್ನು ಕೇಳಿದ್ದರೆ ನಾನು ನಕ್ಕು ಕಳುಹಿಸುತ್ತಿದ್ದೆನು. ಅವನು ಕೇಳಿದ್ದು ಮನಸ್ಸಾಕ್ಷಿಯ ಲೆಕ್ಕವಾದದರಿಂದ ಆ ರಾತ್ರಿ ನನಗೆ ಉತ್ತರ ತೋಚಲಿಲ್ಲ.

ಮೊದಲು ಸಂಗತಿಯನ್ನು ತಿಳಿದುಕೊಳ್ಳಬೇಕು. ಕೂದಲಿನಷ್ಟು ಸಣ್ಣದಾದ ಗಾಜಿನ ಎಳೆಯೊಳಗೆ ಬೆಳಕನ್ನು ಹಾಯಿಸಿ, ಕಂಬದ ಮೇಲಿನ ಒಂದು ಸಣ್ಣ ಪೆಟ್ಟಿಗೆಯಲ್ಲಿ ಆ ಬೆಳಕನ್ನು ಸೀಳಿ, ಒಂದೇ ಎಳೆಯಿಂದ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಒಬ್ಬನು ಪತ್ರಿಕೆಯ ಪುಟವನ್ನು ತೆರೆದು ಓದುತ್ತಿರುವಷ್ಟು ಹೊತ್ತು ಅವನ ಪಾಲಿನಲ್ಲಿ ಹೆಚ್ಚೇನೂ ಹರಿಯುವದಿಲ್ಲ. ಆಗ ಮತ್ತೊಬ್ಬನು ಅದನ್ನು ಉಪಯೋಗಿಸಬಹುದು. ದೊಡ್ಡ ಕಂಪನಿಗಳೂ ಹೀಗೆಯೇ ಮಾಡುತ್ತವೆ. ಪ್ರತಿಯೊಂದು ಮನೆಗೂ 50ನ್ನು ಅದಕ್ಕಾಗಿಯೇ ಎತ್ತಿಟ್ಟರೆ, ತಿಂಗಳ ಹಣವು ಹಲವು ಪಟ್ಟು ಏರಿ, ಕೂಲಿಯವನ ಮಗಳು ಓದುವ ಮನೆಗೆ ಅದು ಎಂದಿಗೂ ಬರಲಾರದು. ಆದಕಾರಣ ಹಂಚಿಕೊಳ್ಳುವದು ಪಾಪವಲ್ಲ.

ನಮ್ಮ ಕೋಲಾರ ಸೀಮೆಯ ಕೆರೆಗಳನ್ನು ಬಲ್ಲವರಿಗೆ ನೀರುಗಂಟಿಯ ಪರಿಚಯವಿರುವದು. ತೂಬನ್ನು ಎತ್ತುವದೂ ಇಳಿಸುವದೂ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುವದೂ ಅವನ ಕೆಲಸ. ಕೆರೆ ಕೋಡಿ ಬಿದ್ದ ವರುಷ ಅವನನ್ನು ಯಾರೂ ಪರೀಕ್ಷಿಸುವದಿಲ್ಲ. ನೀರು ತಗ್ಗಿದ ವರುಷದಲ್ಲಿ, ಗೌಡರ ಗದ್ದೆಗೂ ಬಡವನ ಗದ್ದೆಗೂ ಒಂದೇ ಲೆಕ್ಕವೋ ಎಂದು ಊರೆಲ್ಲಾ ಅವನ ಕೈಯನ್ನೇ ನೋಡುತ್ತದೆ. ಇಂಟರ್‌ನೆಟ್ ಮಾರುವವನ ತಗ್ಗಿದ ವರುಷವು ದಿನಾಲೂ ರಾತ್ರಿ ಎಂಟು ಗಂಟೆಗೆ ಬರುತ್ತದೆ. ಆಗ ಎಲ್ಲಾ ಮನೆಗಳಲ್ಲಿ ಚಲನಚಿತ್ರಗಳೂ ಕ್ರಿಕೆಟ್ಟೂ ನಡೆಯುತ್ತವೆ, ದೂರದ ಮಕ್ಕಳೊಡನೆ ಮುಖ ನೋಡಿ ಮಾತನಾಡುವದೂ ಆಗಲೇ. ಆ ಹೊತ್ತಿನಲ್ಲಿ ಎಷ್ಟು ಸಿಕ್ಕುವದೆಂಬದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ವ್ಯತ್ಯಾಸವೆಲ್ಲಾ ಇಲ್ಲಿಯೇ ಇದೆ.

ಜಾಹೀರಾತುಗಳಲ್ಲಿ "50ರ ವರೆಗೆ" ಎಂದು ಬರೆಯುತ್ತಾರಲ್ಲಾ, ಆ "ವರೆಗೆ" ಎಂಬ ಪುಟ್ಟ ಪದವನ್ನು ನೋಡಿರಿ. ಅದು ಸುಳ್ಳಲ್ಲ, ಎರಡು ಬಂದರೂ ಅದು 50ರ ವರೆಗಿನದೇ. ಆದರೆ ಸುಳ್ಳಾಡದೆ ಸುಳ್ಳಿನ ಫಲವನ್ನು ಕೊಯ್ಯುವದಕ್ಕೆ ಇದಕ್ಕಿಂತ ಒಳ್ಳೇ ಕುಡುಗೋಲನ್ನು ನಾನು ಕಾಣೆನು. ಇದರಂತೆಯೇ ಇನ್ನೊಂದುಂಟು. ಮಾರುವವರು ಹೇಳುವದು ಬಿಟ್ಟುಗಳಲ್ಲಿ, ಜನರು ಮೊಬೈಲಿನಲ್ಲಿ ನೋಡುವದು ಬೈಟುಗಳಲ್ಲಿ. ಒಂದು ಬೈಟಿಗೆ ಎಂಟು ಬಿಟ್ಟು. 50 ಮೆಗಾಬಿಟ್ ಅಂದರೆ ಸೆಕೆಂಡಿಗೆ ಆರೂಕಾಲು ಮೆಗಾಬೈಟಿನ ಕಡತವು ಇಳಿಯುವದಷ್ಟೇ. ಇದನ್ನು ತಿಳಿಸದೆ ಹಣ ತಕ್ಕೊಂಡವನು ಸೇರಿನ ಹೆಸರು ಹೇಳಿ ಪಾವಿನಲ್ಲಿ ಅಳೆದ ಹಾಗಾಯಿತೆಂದು ಕೊಂಡವನಿಗೆ ತೋರಿದರೆ ಆಶ್ಚರ್ಯವೇನು?

ಸರಕಾರದ ನಿಯಮವಿಲ್ಲವೋ ಎಂದು ಕೇಳುವಿರಿ. ಉಂಟು. ನಮ್ಮ ದೇಶದಲ್ಲಿ ಸೆಕೆಂಡಿಗೆ 512 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎನ್ನಬಹುದೆಂದು 2013ರಲ್ಲಿ ಗೊತ್ತುಮಾಡಿದ್ದರು. 2023ರಲ್ಲಿ ಅದನ್ನು 2 ಮೆಗಾಬಿಟ್ಟಿಗೆ ಏರಿಸಿದರು. ಇಂತಿಷ್ಟು ಉಪಯೋಗಿಸಿದ ಮೇಲೆ ವೇಗವನ್ನು ತಗ್ಗಿಸುವದಾದರೆ, ಆ ಮಿತಿಯನ್ನೂ ತಗ್ಗಿದ ವೇಗವನ್ನೂ ಗಿರಾಕಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರಲ್ಲಿ ಆಜ್ಞಾಪಿಸಿತು. ಒಳ್ಳೇದು. ಆದರೆ 50 ಎಂದು ಹೇಳಿ 2 ಕೊಟ್ಟವನು ಆ ಹೆಸರಿನ ಬೇಲಿಯೊಳಗೇ ಇದ್ದಾನೆ. ಬೇಲಿಯೊಳಗಿರುವದೂ ನ್ಯಾಯಸ್ಥನಾಗಿರುವದೂ ಒಂದೇ ಅಲ್ಲ.

ಮರುವಾರ ನಾನು ಅವನಿಗೆ ಹೇಳಿದ್ದೇನಂದರೆ, "ತಮ್ಮಾ, ಹಂಚು, ಆದರೆ ಹಂಚುತ್ತೇನೆಂದು ಹೇಳು. ರಸೀದಿಯ ಮೇಲೆ ದೊಡ್ಡ ಸಂಖ್ಯೆಯ ಪಕ್ಕದಲ್ಲಿಯೇ ರಾತ್ರಿ ಎಂಟು ಗಂಟೆಯ ಸಂಖ್ಯೆಯನ್ನೂ ಬರೆ." ಅವನು, "ಹಾಗೆ ಬರೆದರೆ ಯಾರು ಕೊಳ್ಳುತ್ತಾರೆ? ಪಕ್ಕದವನು 100 ಎಂದು ಬರೆಯುತ್ತಾನೆ" ಅಂದನು. ಇದಕ್ಕೆ ನಾನು ಸುಲಭವಾದ ಸಮಾಧಾನವನ್ನು ಹೇಳಲಿಲ್ಲ, ಯಾಕಂದರೆ ಅವನ ಮಾತು ನಿಜ. ಸತ್ಯ ಹೇಳುವವನಿಗೆ ಮೊದಲನೇ ವರುಷ ನಷ್ಟವೇ ಆಗಬಹುದು. ಸಾಲದ ಬಡ್ಡಿಯು ಅವನ ಸತ್ಯವನ್ನು ನೋಡಿ ನಿಲ್ಲುವದಿಲ್ಲ.

ಪರದೇಶದ ಒಂದು ದೃಷ್ಟಾಂತವು ಇಲ್ಲಿ ಉಪಯೋಗವಾದೀತು. ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಹಳ್ಳಿಗಳಿಗೆ ಒಳ್ಳೇ ಸಂಪರ್ಕವನ್ನು ಕೊಡಲು ದೊಡ್ಡ ಕಂಪನಿಗಳು ಮನಸ್ಸು ಮಾಡದಿರಲಾಗಿ, ಅಲ್ಲಿಯವರೇ 2011ರಲ್ಲಿ ಬಾರ್ನ್ ಎಂಬ ಸಂಘವನ್ನು ಕಟ್ಟಿದರು. ಊರವರೇ ಪಾಲು ಹಣ ಹಾಕಿದರು. ರೈತರು ತಮ್ಮ ಹೊಲಗಳಲ್ಲಿ ಗಾಜಿನ ಎಳೆಯನ್ನು ಹೂಳುವದಕ್ಕೆ ಬಾಡಿಗೆಯಿಲ್ಲದೆ ದಾರಿ ಕೊಟ್ಟರು. ಗುದ್ದಲಿ ಹಿಡಿದು ತಾವೇ ಕಾಲುವೆ ತೋಡಿದವರೂ ಇದ್ದರು. ಆರಂಭದಲ್ಲಿ ತಿಂಗಳಿಗೆ 30 ಪೌಂಡಿಗೆ 1000 ಮೆಗಾಬಿಟ್ ಸಿಕ್ಕುತ್ತಿತ್ತು. ವೇಗವು ದೊಡ್ಡದೇ ಸರಿ, ಆದರೆ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ತನ್ನ ಹೊಲದಲ್ಲಿ ತಾನೇ ಹೂಳಿದ ಎಳೆಯ ವಿಷಯದಲ್ಲಿ ಯಾರೂ ಯಾರನ್ನೂ ಮೋಸಮಾಡುವದು ಕಷ್ಟ. ಕಾಣದ ಸರಕು ಅಲ್ಲಿ ಕಾಣುವಂಥಾದ್ದಾಯಿತು.

ನಮ್ಮ ಯೌವನಸ್ಥನಿಗೆ ಸಂಘ ಕಟ್ಟುವ ಶಕ್ತಿಯಿಲ್ಲ. ಆದಾಗ್ಯೂ ಎಳೆ ಕಡಿದರೆ "ಮೇಲಿನ ಕಂಪನಿಯವರ ತಪ್ಪು" ಎಂದು ಕೈ ತೊಳಕೊಳ್ಳದೆ, ಗಿರಾಕಿಯು ಕೇಳುವದಕ್ಕೆ ಮುಂಚೆ ತಾನಾಗಿ ತಿಳಿಸುವದು ಅವನ ಕೈಯಲ್ಲಿಯೇ ಇದೆ. ಆ ಮನೆಯವರು ಕಂಪನಿಯ ಮುಖವನ್ನು ಕಂಡಿಲ್ಲ. ಏಣಿ ಹತ್ತಿದವನ ಮುಖವನ್ನು ಕಂಡಿದ್ದಾರೆ.

ಇನ್ನೊಂದು ಮಾತನ್ನು ಅವನಿಗೆ ಗಟ್ಟಿಯಾಗಿ ಹೇಳಿದೆನು. ಸಂಪರ್ಕ ಕೊಡುವವನು ಅಂಚೆಯವನ ಹಾಗೆ. ಈಗಿನ ಹೆಚ್ಚಿನ ಲಕೋಟೆಗಳಿಗೆ ಬೀಗವಿರುವದರಿಂದ ಒಳಗಿನ ಮಾತು ಅವನಿಗೆ ಕಾಣದು. ಆದರೆ ಯಾವ ವಿಳಾಸಕ್ಕೆ ಹೋಯಿತೆಂಬದು ಬಹಳ ಸಾರಿ ಕಾಣುತ್ತದೆ. ಯಾವ ಮನೆಯವರು ಯಾವ ಆಸ್ಪತ್ರೆಯನ್ನು ಹುಡುಕುತ್ತಾರೆ, ಯಾರು ಸಾಲಕ್ಕೆ ಅಲೆಯುತ್ತಾರೆ ಎಂಬದನ್ನು ಅವನು ಊಹಿಸಬಲ್ಲನು. ಪರವಾನಗಿಯ ನಿಬಂಧನೆಯಂತೆ ಕೆಲವು ದಾಖಲೆಗಳನ್ನು ಇಡಲೇಬೇಕು. ಆದರೆ ದಾಖಲೆಯನ್ನು ಇಡುವದು ಬೇರೆ, ಅದನ್ನು ಚಹಾದ ಅಂಗಡಿಗೆ ಒಯ್ಯುವದು ಬೇರೆ. ಸಣ್ಣ ಊರಿನಲ್ಲಿ ಒಂದು ಮಾತು ಹೊರಬಿದ್ದರೆ ಒಂದು ಮನೆತನವೇ ತಲೆ ತಗ್ಗಿಸೀತು.

ಮುಂಗಡದ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ಅಭಿಪ್ರಾಯ ಕೂಡಲಿಲ್ಲ. ವರುಷದ ಹಣವನ್ನು ಒಟ್ಟಿಗೆ ತಕ್ಕೊಂಡರೆ ಸಾಲ ಬೇಗ ತೀರುವದೆಂದು ಅವನು, ನಿಲ್ಲುವೆನೋ ಬೀಳುವೆನೋ ತಿಳಿಯದವನು ಬಡವರ ವರುಷದ ಹಣವನ್ನು ಹಿಡಿಯಬಾರದೆಂದು ನಾನು. ನಾನೂ ಒಮ್ಮೆ ಹೀಗೆ ಆರು ತಿಂಗಳ ಹಣವನ್ನು ಒಬ್ಬರಿಗೆ ಕೊಟ್ಟು, ಎರಡನೇ ತಿಂಗಳಲ್ಲಿಯೇ ಅವರು ಅಂಗಡಿ ಮುಚ್ಚಿದ್ದನ್ನು ಕಂಡವನಾದದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಬಿಸಿಯಿತ್ತೆಂದು ಒಪ್ಪುತ್ತೇನೆ.

ಆಮೇಲೆ ಕೆಲವು ತಿಂಗಳು ಅವನು ಬರಲಿಲ್ಲ. ಅಷ್ಟರಲ್ಲಿ ಅರುವತ್ತು ಮನೆಗಳು ಮಾತ್ರ ಸೇರಿದ್ದವು. ರಸ್ತೆ ಅಗೆಯುವ ಯಂತ್ರವು ಎಳೆಯನ್ನು ಕಡಿದು ಐದು ದಿವಸ ಸಂಪರ್ಕ ನಿಂತಿತು. ತಿಂಗಳಿಗೆ 450 ರೂಪಾಯಿಯಂತೆ ಐದು ದಿವಸಕ್ಕೆ 75 ರೂಪಾಯಿ ಎಂದು ಲೆಕ್ಕ ಹಾಕಿ, ಯಾರೂ ಕೇಳುವದಕ್ಕೆ ಮುಂಚೆ ಅವನು ಮನೆಮನೆಗೆ ಹೋಗಿ ಹಿಂದಕ್ಕೆ ಕೊಟ್ಟನು. 4500 ರೂಪಾಯಿ ಹೋಯಿತು. ಒಬ್ಬ ಅಜ್ಜಿಯು ಮಾತ್ರ, "ಆ ಐದು ದಿವಸ ಮೊಮ್ಮಗನು ಊರಲ್ಲಿಯೇ ಇರಲಿಲ್ಲಪ್ಪಾ, ನನಗೆ ನಷ್ಟವೇ ಆಗಲಿಲ್ಲ" ಎಂದು ಹಣವನ್ನು ಅವನ ಕೈಯಲ್ಲಿಯೇ ಇಟ್ಟಳಂತೆ. ಅದನ್ನು ಇಟ್ಟುಕೊಳ್ಳಬಹುದೋ ಎಂದು ಕೇಳುವದಕ್ಕೆ ಅವನು ಪುನಃ ನನ್ನ ಜಗಲಿಗೆ ಬಂದನು.