ನೋಯುವವರ ಕೈಯಲ್ಲಿ ಕುಂಚ

ದೀರ್ಘಕಾಲದ ನೋವಿನೊಂದಿಗೆ ಬಾಳುವ ನಾವು ಒಂದು ವಿಷಯದಲ್ಲಿ ಬಹಳ ಎಚ್ಚರದಿಂದಿರುತ್ತೇವೆ. ನೆಂಟರು ಬಂದ ಸದ್ದಾದರೆ ಬಣ್ಣದ ಡಬ್ಬಿಯನ್ನು ಮುಚ್ಚಿ ದಿಂಬಿನ ಕೆಳಗೆ ತಳ್ಳುತ್ತೇವೆ. "ಚಿತ್ರ ಬರೆಯಲು ಆಗುತ್ತದೆ, ರೊಟ್ಟಿ ತಟ್ಟಲು ಆಗುವುದಿಲ್ಲವೆ?" ಎಂಬ ಮಾತಿನ ಭಯ. ನೋವಿರುವವರು ಸದಾ ನೋವಿರುವವರಂತೆಯೇ ಕಾಣಬೇಕು, ನಕ್ಕರೆ ನೋವು ಸುಳ್ಳು ಎಂಬುದು ನಮ್ಮ ಸಮಾಜದ ಅಲಿಖಿತ ಕಾನೂನು. ಹೆಣ್ಣುಮಕ್ಕಳ ಮಟ್ಟಿಗಂತೂ ಅದು ಇನ್ನಷ್ಟು ಬಿಗಿ.

ಮೂಳೆ ಮುರಿದರೆ ಈ ತಕರಾರಿಲ್ಲ. ಎಕ್ಸ್‌ರೇ ಸಾಕ್ಷಿ ಹೇಳುತ್ತದೆ, ಪ್ಲಾಸ್ಟರ್ ಇರುವಷ್ಟು ದಿನ ಮೋಸಂಬಿಯೂ ಬರುತ್ತದೆ. ಮೂರು ತಿಂಗಳು ದಾಟಿಯೂ ಬಿಡದ ನೋವಿಗೆ ಎಷ್ಟೋ ಸಲ ಅಂಥ ಸಾಕ್ಷಿ ಸಿಗುವುದಿಲ್ಲ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ ತನ್ನ 1979ರ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿದಾಗ, ನೋಯುತ್ತಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನೂ ಸೇರಿಸಿತು. ವೈದ್ಯಲೋಕಕ್ಕೇ ಇದನ್ನು ಬರೆದಿಡಬೇಕಾಗಿ ಬಂತೆಂದ ಮೇಲೆ ಮನೆಯವರನ್ನು ಮಾತ್ರ ದೂರಿ ಫಲವೇನು?

ಉರ್ದುವಿನಲ್ಲಿ ಹಮ್‌ದರ್ದ್ ಎಂಬ ಚೆಂದದ ಮಾತಿದೆ, ಜೊತೆಗೆ ನೋಯುವವನು ಎಂದು. ಜೊತೆಗೆ ನೋಯಲು ಬಂದವರು ನಾವು ನಲಿಯುವುದನ್ನು ಕಂಡರೆ ಏಕೋ ಮೋಸಹೋದವರಂತೆ ಎದ್ದು ಹೋಗುತ್ತಾರೆ. ಕನ್ನಡವೇನೋ ನೋವು ನಲಿವುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ.

ಇದಕ್ಕೆ ಧರ್ಮದ ಹೆಸರನ್ನೂ ಕೊಡುವುದುಂಟು. ಸಬ್ರ್ ಎಂದರೆ ತುಟಿ ಹೊಲಿದುಕೊಂಡು ಮೂಲೆಯಲ್ಲಿ ಕೂರುವುದಂತೆ! ಆದರೆ ಕುರ್‌ಆನ್ ಸಹನಶೀಲರೆಂದು ಹೊಗಳಿದ ಅಯ್ಯೂಬರು (ಅ) ತಮಗಾದ ಸಂಕಟವನ್ನು ಪ್ರಭುವಿನ ಮುಂದೆ ಹೇಳಿಕೊಂಡವರು. ಸಹನೆಯ ಮಾತಾಡಿದ ಯಾಕೂಬರು (ಅ) ಮಗನಿಗಾಗಿ ಕೊರಗಿ ಕಣ್ಣು ಬೆಳ್ಳಗಾದವರು. ಅಯ್ಯೂಬರಿಗೆ ಸಿಕ್ಕ ಉತ್ತರವನ್ನೂ ಗಮನಿಸಬೇಕು. ಕಾಲಿನಿಂದ ನೆಲವನ್ನು ಬಡಿಯುವಂತೆ ಅವರಿಗೆ ಹೇಳಲಾಯಿತು, ತಣ್ಣೀರು ದೊರೆಯಿತು. ರೋಗಿಗೂ ಒಂದು ಸಣ್ಣ ಕೆಲಸವಿತ್ತು.

ಜಲವರ್ಣ ನಮಗೆ ಅಂಥ ಸಣ್ಣ ಕೆಲಸ. ಅಂಗೈಯಗಲದ ಡಬ್ಬಿ, ಒಂದು ಕುಂಚ, ಒಂದು ಲೋಟ ನೀರು, ದಪ್ಪ ಕಾಗದ. ಟರ್ಪೆಂಟೈನ್ ವಾಸನೆಯಿಲ್ಲ, ದಿಂಬಿಗೊರಗಿಯೂ ಬರೆಯಬಹುದು. ಒಂದು ಪದರ ಹಚ್ಚಿದರೆ ಅದು ಒಣಗುವ ತನಕ ಕಾಯಬೇಕು. ಆ ಹೊತ್ತಿನಲ್ಲಿ ಬೆನ್ನು ಚಾಚಿದರೆ ಸೋಮಾರಿತನವಲ್ಲ, ಕಾಗದವೇ ಕೊಟ್ಟ ರಜೆ. ಇಲ್ಲಿ ಬಿಳಿಯನ್ನು ಸಾಮಾನ್ಯವಾಗಿ ಹಚ್ಚುವುದಿಲ್ಲ, ಬೆಳಕು ಬೇಕಾದಲ್ಲಿ ಕಾಗದವನ್ನು ಹಾಗೆಯೇ ಬಿಡುತ್ತಾರೆ. ಎಲ್ಲಿ ಕೈ ಇಡಬಾರದೆಂದು ಮೊದಲೇ ಯೋಚಿಸಬೇಕು. ದಿನದ ಶಕ್ತಿಯನ್ನು ಎಣಿಸಿ ಖರ್ಚು ಮಾಡುವ ನಮಗೆ ಈ ಲೆಕ್ಕ ಹೊಸದಲ್ಲ. (ಚಿತ್ರ ಬರೆಯುವುದು ಸರಿಯೇ ಎಂದು ಕೇಳುವ ಹಿರಿಯರಿಗೆ: ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯುವಂತೆ ಇಬ್ನು ಅಬ್ಬಾಸ್ (ರ) ಒಬ್ಬ ಚಿತ್ರಕಾರನಿಗೆ ಹೇಳಿದ್ದು ಬುಖಾರಿಯಲ್ಲಿದೆ. ಮಳೆಗಾಲದ ಹಲಸಿನ ಮರವೊಂದೇ ನಮಗೆ ಬೇಕಾದಷ್ಟಾಯಿತು.)

ಇದರಿಂದ ನೋವು ಹೋಗುತ್ತದೆಯೆ? ಇಲ್ಲ. ನೋವಿನ ಸಂದೇಶಗಳಿಗೆ ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದಂತೆ, ಮಿದುಳು ಅದನ್ನು ಕೊಂಚ ಮುಚ್ಚಲೂ ಬಲ್ಲದು ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ವಾದಿಸಿದರು. ಮನಸ್ಸು ಹಸಿ ಬಣ್ಣದ ಅಂಚಿನಲ್ಲಿರುವಾಗ ಬಾಗಿಲು ಅರೆ ಮುಚ್ಚುತ್ತದೆ. ಕುಂಚ ತೊಳೆದಿಟ್ಟರೆ ಮತ್ತೆ ತೆರೆಯುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಪೌಲ್ ಕ್ಲೇ 1914ರಲ್ಲಿ ಟುನೀಸಿಯಾಕ್ಕೆ ಹೋಗಿ ಕೈರವಾನ್‌ನಂಥ ಊರುಗಳ ಬೆಳಕನ್ನು ಜಲವರ್ಣದಲ್ಲಿ ಹಿಡಿದವರು. 1935ರಲ್ಲಿ ಅವರಿಗೆ ಚರ್ಮವನ್ನು ಗಟ್ಟಿಯಾಗಿಸುವ ಕಾಯಿಲೆ ಬಂತು. ಮರುವರ್ಷ ಬರೆದದ್ದು ಸುಮಾರು 25 ಕೃತಿ. 1939ರಲ್ಲಿ ಮಾತ್ರ 1,200ಕ್ಕೂ ಹೆಚ್ಚು! 1940ರಲ್ಲಿ ತೀರಿಕೊಂಡರು. ಇಷ್ಟು ಬರೆದವರಿಗೆ ಎಂಥ ಕಾಯಿಲೆ ಎಂದು ಯಾರೂ ಕೇಳುವುದಿಲ್ಲ. ಹೆಸರಾಂತವರಿಗೆ ಸಿಗುವ ಈ ನಂಬಿಕೆ ಅಡಿಗೆಮನೆಯ ಪಕ್ಕದ ಕೋಣೆಯವರಿಗೆ ಸಿಗುವುದಿಲ್ಲ.

ಆದರೂ ರೊಟ್ಟಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಾವು ತಟ್ಟದ ರೊಟ್ಟಿಯನ್ನು ಇನ್ಯಾರೋ ತಟ್ಟುತ್ತಾರೆ, ಅವರ ದಣಿವಿಗೂ ಎಕ್ಸ್‌ರೇ ಇಲ್ಲ. ಕುಂಚ ಹಿಡಿಯುವ ಕಾಲು ಗಂಟೆಯ ಶಕ್ತಿ ಬೇರೆ, ಒಲೆಯ ಮುಂದೆ ನಿಲ್ಲುವ ಶಕ್ತಿ ಬೇರೆ ಎಂದು ವಿವರಿಸಬಹುದು. ಒಂದೇ ಎಂದಿಟ್ಟುಕೊಂಡರೂ, ಇರುವ ಚೂರು ಶಕ್ತಿಯೆಲ್ಲ ಮೊದಲು ಮನೆಗೇ ಸಲ್ಲಬೇಕೆಂಬುದನ್ನು ನಾವು ಒಪ್ಪೆವು. ಸರದಿ ಮಾಡಿಕೊಳ್ಳಬಹುದು. ಆ ಸರದಿಯಲ್ಲಿ ಮನೆಯ ಗಂಡಸರ ಹೆಸರೂ ಇರಲಿ.