ಸಹವಾಸದ ಋಣ

ಗೋಕರ್ಣಕ್ಕೆ ಬರುವವರಲ್ಲಿ ಈಗ ಎರಡು ಬಗೆಯವರುಂಟು. ಕೋಟಿತೀರ್ಥದಲ್ಲಿ ಮಿಂದು, ಮಹಾಬಲೇಶ್ವರನ ದರ್ಶನ ಮಾಡಿ, ಪಿತೃಕಾರ್ಯವಿದ್ದರೆ ಅದನ್ನೂ ತೀರಿಸಿಕೊಂಡು ಮನೆಮಂದಿಯೊಡನೆ ಊರಿಗೆ ಮರಳುವವರು ಒಂದು ಬಗೆ. ಊರಿನ ದಕ್ಷಿಣದ ಗುಡ್ಡವನ್ನು ಹತ್ತಿಳಿದು, ಕುಡ್ಲೆ, ಓಂ ಮೊದಲಾದ ಕಡಲತೀರಗಳ ಬಳಿ ಬಿಡಾರ ಮಾಡುವವರು ಇನ್ನೊಂದು ಬಗೆ. ಈ ಎರಡನೆಯವರಲ್ಲಿ ಬಹುಮಂದಿ ಒಬ್ಬೊಬ್ಬರಾಗಿಯೇ ಬರುವರು. ಕೊಂಕಣ ರೈಲ್ವೆಯ ದಾರಿಯು 1998ರಲ್ಲಿ ಪೂರ್ಣವಾಗಿ ತೆರೆದಮೇಲೆ ಬರುವುದು ಸುಲಭವಾಯಿತು. 2020ರ ತರುವಾಯ ಕಚೇರಿಯ ಕೆಲಸವನ್ನು ಕುಳಿತಲ್ಲಿಂದಲೇ ನಡೆಸುವ ಪದ್ಧತಿ ಹಬ್ಬಿದ್ದರಿಂದ, ಬಂದವರು ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲುವುದೂ ಸಾಧ್ಯವಾಯಿತು. ಇಂಥವರಿಗಾಗಿ ಹುಟ್ಟಿಕೊಂಡಿರುವ ವಸತಿಗೆ ಕೋಲಿವಿಂಗ್ ಎಂದು ಹೆಸರು. ಒಂದೇ ಕೋಣೆಯಲ್ಲಿ ಒಂದರ ಮೇಲೊಂದು ಮಂಚ. ಎಲ್ಲರಿಗೂ ಸೇರಿ ಒಂದು ಅಡಿಗೆಮನೆ, ಒಂದು ಜಗಲಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಲು ಒಂದು ಉದ್ದನೆಯ ಮೇಜು. ಕೊಡುವ ಬಾಡಿಗೆಯು ಮಂಚಕ್ಕೆ ಮಾತ್ರವಲ್ಲ, ಒಂಟಿಯಾಗಿ ಬಂದವನು ಒಂಟಿಯಾಗಿ ಉಳಿಯದಂತೆ ದೊರಕುವ ಜೊತೆಗೂ ಸಲ್ಲುವುದೆಂದು ಅವನ್ನು ನಡೆಸುವವರು ಹೇಳುವರು.

ಪ್ರಶ್ನೆ ಏಳುವುದು ಇಲ್ಲಿಯೇ. ಮಂಚವನ್ನು ಬಾಡಿಗೆಗೆ ಕೊಡಬಹುದು, ಜೊತೆಯನ್ನು ಕೊಡಬಹುದೆ?

ಕೋಲಿವಿಂಗ್ ಎಂಬುದಕ್ಕೆ ಕನ್ನಡದಲ್ಲಿ ಹೊಸ ಮಾತನ್ನು ಹುಡುಕಬೇಕಾಗಿಲ್ಲ. ಸಹವಾಸ ಎಂಬುದು ಅಕ್ಷರಶಃ ಅದೇ: ಕೂಡಿ ವಾಸಿಸುವುದು. ಆದರೆ ಕನ್ನಡಿಗನು ಆ ಶಬ್ದವನ್ನು ಬಳಸುವ ರೀತಿಯೇ ಬೇರೆ. ಸಜ್ಜನರ ಸಹವಾಸ ಎನ್ನುವನು, ಸಹವಾಸದೋಷ ಎನ್ನುವನು. ಬೇಸರ ಬಂದಾಗ ಅವನ ಸಹವಾಸವೇ ಬೇಡವೆಂದು ಕೈಮುಗಿಯುವನು. ಕೂಡಿ ವಾಸಿಸಿದಮೇಲೆ ಏನೂ ಅಂಟದೆ ಉಳಿಯಬಹುದೆಂಬ ನಂಬಿಕೆ ಆ ಶಬ್ದಕ್ಕಿಲ್ಲ. ಹೊಸ ವಸತಿಯ ಆಕರ್ಷಣೆಯಾದರೋ ಅಂಟದಿರುವುದರಲ್ಲಿಯೇ ಇದೆ. ಬೇಕಾದಾಗ ಮಾತು, ಬೇಡವಾದಾಗ ಕಿವಿಗೆ ಹೆಡ್‌ಫೋನ್. ನಾಳೆ ಚೀಲವನ್ನು ಹೆಗಲಿಗೇರಿಸಿ ಹೊರಟರೆ ಯಾರಿಗೂ ಉತ್ತರ ಹೇಳಬೇಕಾಗಿಲ್ಲ.

ಒಂಟಿ ಪಯಣಿಗನು ಅಪರಿಚಿತನನ್ನು ನಂಬುವ ವಿಷಯದಲ್ಲಿ ಗೋಕರ್ಣದ ಸ್ಥಳಪುರಾಣವೂ ಒಂದು ಮಾತನ್ನು ಹೇಳುತ್ತದೆ. ಆತ್ಮಲಿಂಗವನ್ನು ಹೊತ್ತು ಒಬ್ಬನೇ ಬರುತ್ತಿದ್ದ ರಾವಣನು ಸಂಜೆಯ ಹೊತ್ತಿಗೆ ಈ ಕಡಲತೀರಕ್ಕೆ ಬಂದನು. ಸಂಧ್ಯಾವಂದನೆ ಮುಗಿಸಿ ಬರುವತನಕ ಹಿಡಿದುಕೊಂಡಿರೆಂದು ದಾರಿಯಲ್ಲಿ ಕಂಡ ಹುಡುಗನೊಬ್ಬನ ಕೈಗೆ ತನ್ನ ಸರ್ವಸ್ವವನ್ನೂ ಕೊಟ್ಟನು. ಹುಡುಗನು ವೇಷ ಮರೆಸಿದ ಗಣಪತಿ. ಮೂರು ಸಲ ಕೂಗಿ, ಲಿಂಗವನ್ನು ನೆಲದ ಮೇಲಿಟ್ಟುಬಿಟ್ಟನು. ಲೋಕಕಲ್ಯಾಣಕ್ಕಾಗಿ ನಡೆದ ಈ ಉಪಾಯವನ್ನು ಭಕ್ತರು ಮೆಚ್ಚುವರು, ಮೆಚ್ಚಲಿ. ಆದರೆ ಇಂದು ಅದೇ ಮರಳಿನ ಮೇಲೆ ಚೀಲವನ್ನು ಪಕ್ಕದವರಿಗೊಪ್ಪಿಸಿ ಈಜಲು ಇಳಿಯುವ ಹುಡುಗಿಯು ರಾವಣನ ಸ್ಥಾನದಲ್ಲಿ ನಿಂತಿರುವಳೆಂಬುದನ್ನು ನೆನೆದರೆ ಕಥೆಗೆ ಬೇರೊಂದು ರುಚಿ ಬರುವುದು.

ಇಂಥ ಮನೆಯೊಂದರಲ್ಲಿ ಎಂಟು ಮಂಚಗಳ ಕೋಣೆಯೊಂದನ್ನು ಊಹಿಸಿಕೊಳ್ಳಬಹುದು. ಏಳು ಮಂದಿ ಆರು ದಿನಗಳಿಂದ ಅಲ್ಲಿದ್ದಾರೆ. ಹೆಸರು ಹಿಡಿದು ಕರೆಯುವ ಸಲಿಗೆ ಬೆಳೆದಿದೆ. ಒಟ್ಟಿಗೆ ಸೂರ್ಯಾಸ್ತವನ್ನು ನೋಡಿದ್ದಾರೆ, ಒಟ್ಟಿಗೆ ಉಂಡಿದ್ದಾರೆ. ಏಳನೆಯ ದಿನ ಒಬ್ಬನಿಗೆ ಜ್ವರ. ಮನೆ ನೋಡಿಕೊಳ್ಳುವವನು ವೈದ್ಯರ ಫೋನ್ ನಂಬರು ಕೊಟ್ಟಿದ್ದಾನೆ. ಅವನ ಕರಾರು ಅಷ್ಟಕ್ಕೆ ಮುಗಿಯಿತು. ಒಬ್ಬಳಿಗೆ ಬೆಳಗಾದರೆ ರೈಲು. ಒಬ್ಬನಿಗೆ ಕಚೇರಿಯ ಮೀಟಿಂಗು. ಉಳಿದವರು ಸಂಜೆ ಹೊರಗೆ ಹೋಗುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದಾರೆ. ಇವರಲ್ಲಿ ಕೆಟ್ಟವರು ಯಾರೂ ಇಲ್ಲ. ಮತ್ತೊಬ್ಬರು ನೋಡಿಕೊಂಡಾರು ಎಂದು ಪ್ರತಿಯೊಬ್ಬರೂ ಭಾವಿಸಿದ್ದಾರೆ, ಅಷ್ಟೆ. ರಾತ್ರಿ ಅವನಿಗೆ ಒಂದು ಲೋಟ ಗಂಜಿ ಕಾಯಿಸಿಕೊಡುವವರಾರು? ಅದಕ್ಕಿಂತಲೂ ಕಠಿಣವಾದ ಪ್ರಶ್ನೆಯೊಂದುಂಟು: ಯಾರೂ ಕಾಯಿಸಿಕೊಡದೆ ಹೋದರೆ ಅದು ಆ ಆರು ಮಂದಿಯ ತಪ್ಪೋ, ಅಥವಾ ಬರಿಯ ಅವನ ದುರದೃಷ್ಟವೋ?

ಮನೆಬಿಟ್ಟು ಬಂದವರು ಒಂದೇ ಸೂರಿನಡಿಯಲ್ಲಿ ಕೂಡಿ ಬಾಳಿದ ಹಳೆಯ ಪ್ರಯೋಗಗಳಲ್ಲಿ ಬೌದ್ಧಭಿಕ್ಷುಗಳ ವಿಹಾರವು ಒಂದು. ಅಲ್ಲಿಯೂ ಈ ಪ್ರಶ್ನೆ ಎದ್ದಿತ್ತು. ಪಾಲಿ ವಿನಯಪಿಟಕದ ಮಹಾವಗ್ಗದಲ್ಲಿ ಹೀಗೊಂದು ಪ್ರಸಂಗವಿದೆ. ಬುದ್ಧನು ಆನಂದನೊಡನೆ ಭಿಕ್ಷುಗಳ ವಸತಿಗಳನ್ನು ನೋಡುತ್ತ ಬರುವಾಗ, ಅತಿಸಾರದಿಂದ ನರಳುತ್ತಿದ್ದ ಭಿಕ್ಷುವೊಬ್ಬನು ತನ್ನ ಹೊಲಸಿನಲ್ಲಿಯೇ ಬಿದ್ದಿರುವುದನ್ನು ಕಂಡನು. ನೋಡಿಕೊಳ್ಳುವವರು ಏಕಿಲ್ಲವೆಂದು ಕೇಳಿದಾಗ, ತಾನು ಇತರ ಭಿಕ್ಷುಗಳಿಗೆ ಯಾವ ಉಪಯೋಗಕ್ಕೂ ಬಾರದವನೆಂದು ಆ ರೋಗಿಯೇ ಉತ್ತರ ಕೊಟ್ಟನು. ಬುದ್ಧನು ನೀರು ಹೊಯ್ದನು, ಆನಂದನು ಮೈ ತೊಳೆದನು. ಒಬ್ಬನು ತಲೆಯ ಕಡೆ, ಒಬ್ಬನು ಕಾಲಿನ ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕೂಡಿಸಿ ಬುದ್ಧನು ಹೇಳಿದ ಮಾತಿನ ತಾತ್ಪರ್ಯವೇನೆಂದರೆ, ತಾಯಿಯೂ ತಂದೆಯೂ ಬಳಿಯಲ್ಲಿಲ್ಲದ ಈ ಜೀವನದಲ್ಲಿ ಕೂಡಿರುವವರೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ನೋಡಲು ಮತ್ತಾರೂ ಇಲ್ಲವೆಂಬುದು. ರೋಗಿಗೆ ಗುರುವಿದ್ದರೆ ಗುರು, ಶಿಷ್ಯನಿದ್ದರೆ ಶಿಷ್ಯ, ಯಾರೂ ಇಲ್ಲದಿದ್ದರೆ ಇಡೀ ಸಂಘವೇ ಶುಶ್ರೂಷೆ ಮಾಡತಕ್ಕದ್ದೆಂದು ನಿಯಮವಾಯಿತು.

ಈ ಪ್ರಸಂಗದ ಜೀವಾಳವು ರೋಗಿಯ ಉತ್ತರದಲ್ಲಿದೆ. ತನ್ನಿಂದ ಇತರರಿಗೆ ಉಪಯೋಗವಿಲ್ಲ, ಆದ್ದರಿಂದ ಇತರರಿಗೆ ತನ್ನ ಹೊಣೆಯಿಲ್ಲ ಎಂಬ ಲೆಕ್ಕವನ್ನು ಅವನೇ ಒಪ್ಪಿಕೊಂಡುಬಿಟ್ಟಿದ್ದನು. ಬುದ್ಧನು ತಳ್ಳಿಹಾಕಿದ್ದು ಆ ಲೆಕ್ಕವನ್ನು. ಉಪಕಾರವು ಇಲ್ಲಿ ಋಣಕ್ಕೆ ಕಾರಣವಲ್ಲ, ರಕ್ತಸಂಬಂಧವೂ ಅಲ್ಲ. ಒಂದೇ ಸೂರಿನಡಿ ಇರುವುದೇ ಕಾರಣ. ಕಡಲತೀರದ ವಸತಿಯಲ್ಲಿ ಈ ಲೆಕ್ಕವು ಇನ್ನೂ ಸೂಕ್ಷ್ಮವಾದ ವೇಷದಲ್ಲಿ ಬರುವುದು. ಪ್ರತಿಯೊಬ್ಬನೂ ತನ್ನ ಬಾಡಿಗೆಯನ್ನು ತೆತ್ತಿದ್ದಾನೆ. ಆದುದರಿಂದ ಯಾರೂ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲವೆಂದು ತೋರುವುದು. ಆದರೆ ಬಾಡಿಗೆ ತೀರಿಸಿದ್ದು ಮನೆಯೊಡೆಯನ ಋಣವನ್ನು ಮಾತ್ರ. ಪಕ್ಕದ ಮಂಚದವನ ಋಣವು ಆ ಚೀಟಿಯಲ್ಲಿ ಬರೆದಿರಲೇ ಇಲ್ಲ. ಮನೆಯೊಡೆಯನು ಅದನ್ನು ಮಾರಲಾರನು; ಅದು ಅವನ ಸ್ವತ್ತಲ್ಲ. (ಆ ಮಹಾವಗ್ಗದಲ್ಲಿಯೇ ರೋಗಿಯ ಕರ್ತವ್ಯವನ್ನೂ ಹೇಳಿದೆ: ಬೇನೆಯನ್ನು ಮುಚ್ಚಿಡಬಾರದು, ಔಷಧವನ್ನು ಒಲ್ಲೆನೆನ್ನಬಾರದು. ಸೇವೆ ಪಡೆಯುವುದಕ್ಕೂ ಒಂದು ಯೋಗ್ಯತೆ ಬೇಕೆಂಬುದನ್ನು ಜ್ವರ ಬಂದವರು ಸಾಮಾನ್ಯವಾಗಿ ಮರೆಯುವರು.)

ಇದಕ್ಕೆ ಎದುರಾಗಿ ಹೇಳಬಹುದಾದ ಮಾತು ಹಗುರವಾದದ್ದಲ್ಲ. ಭಿಕ್ಷುವು ಸಂಘಕ್ಕೆ ಶರಣುಹೋದವನು. ಪಯಣಿಗನು ಯಾವ ಸಂಘಕ್ಕೂ ಸೇರಿದವನಲ್ಲ. ಕೇಳುವವರೂ ಕಾಯುವವರೂ ಸದಾ ಸುತ್ತುವರಿದ ಮನೆಯಿಂದ ಕೆಲವು ದಿನ ಬಿಡುಗಡೆ ಪಡೆಯಲೆಂದೇ ಅವನು, ಅದಕ್ಕಿಂತ ಹೆಚ್ಚಾಗಿ ಅವಳು, ಇಲ್ಲಿಗೆ ಬಂದಿರುವುದು. ಹಳೆಯ ಕಾಲದ ಆತಿಥ್ಯವನ್ನು ಹೊಗಳುವವರು ಈ ಮಾತನ್ನು ಕೇಳಬೇಕು. ಯಾತ್ರಿಕರು ಗೋಕರ್ಣದಲ್ಲಿ ಪುರೋಹಿತರ ಮನೆಗಳಲ್ಲಿ ಇಳಿದುಕೊಳ್ಳುವ ರೂಢಿಯಿತ್ತು. ನಾಡಿನ ಇತರ ಕ್ಷೇತ್ರಗಳಲ್ಲಿ ಛತ್ರಗಳಿದ್ದವು. ಅಲ್ಲಿ ಕಾಸಿಲ್ಲದೆ ಅನ್ನ ಸಿಕ್ಕುತ್ತಿತ್ತು ನಿಜ. ಆದರೆ ಎಷ್ಟೋ ಕಡೆ ಯಾವ ಜಾತಿ ಎಂದು ಕೇಳಿದಮೇಲೆ ಸಿಕ್ಕುತ್ತಿತ್ತು. ಒಬ್ಬಳೇ ಬಂದ ಹರೆಯದ ಹೆಣ್ಣನ್ನು ಅಂಥ ಬಾಗಿಲುಗಳು ಯಾವ ಕಣ್ಣಿನಿಂದ ನೋಡುತ್ತಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಹಣವು ಜಾತಿ ಕೇಳುವುದಿಲ್ಲ, ಗಂಡನೆಲ್ಲಿ ಎಂದೂ ಕೇಳುವುದಿಲ್ಲ. ಬಾಡಿಗೆಯ ಮಂಚದ ಈ ಗುಣವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಕೇಳದಿರುವುದು ಒಂದು, ನೋಡದಿರುವುದು ಇನ್ನೊಂದು. ಕುಲವನ್ನು ಕೇಳದೆಯೇ ಜ್ವರವನ್ನು ನೋಡಬಹುದು. ಇಂಥ ಸಾಮೂಹಿಕ ವಸತಿಯ ಮೂಲವನ್ನು ಕಂಡರೆ ಅದು ತಿಳಿಯುವುದು. 1909ರಲ್ಲಿ ಜರ್ಮನಿಯ ಶಾಲಾಮಾಸ್ತರ ರಿಚರ್ಡ್ ಶಿರ್ಮನ್ ಎಂಬವನು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ ಬಿರುಗಾಳಿಮಳೆಗೆ ಸಿಕ್ಕಿ, ಹಳ್ಳಿಯೊಂದರ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ಅಲ್ಲಿ ಹೊಳೆದ ಯೋಚನೆಯಿಂದ 1912ರಲ್ಲಿ ಆಲ್ಟೆನಾ ಕೋಟೆಯೊಳಗೆ ಮೊದಲ ಸ್ಥಿರವಾದ ಯುವಜನರ ತಂಗುಮನೆ ಆರಂಭವಾಯಿತು. ಜರ್ಮನಿಯಲ್ಲಿ ಅಂಥ ಮನೆಗಳನ್ನು ನಡೆಸುವ ದಂಪತಿಗಳಿಗೆ ತಂಗುಮನೆಯ ತಾಯಿತಂದೆಗಳೆಂದೇ ಹೆಸರಾಯಿತು. ಇಂದು ಆ ಸ್ಥಾನದಲ್ಲಿ ಮ್ಯಾನೇಜರ್ ಇದ್ದಾನೆ. ಅವನು ಒಳ್ಳೆಯವನೇ, ಆದರೆ ತಾಯಿತಂದೆಗಳು ಇಳಿದ ಮೆಟ್ಟಿಲಿನ ಮೇಲೆ ನಿಂತುಕೊಳ್ಳಬೇಕಾದವರು ಮಂಚದವರೇ ಅಲ್ಲದೆ ಮತ್ತಾರೂ ಇಲ್ಲ.

ಋಣವು ಕೋಣೆಯ ಗೋಡೆಯೊಳಗೆ ಮುಗಿಯುವುದೂ ಇಲ್ಲ. ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿಯೆಂದು ಮನುಸ್ಮೃತಿಯು ಲಕ್ಷಣ ಹೇಳಿದೆ (ಅಲ್ಲಿ ಹೇಳಿರುವುದು ಬ್ರಾಹ್ಮಣನ ವಿಷಯ ಮಾತ್ರವೆಂಬುದನ್ನು ಮರೆಯಬಾರದು). 1795ರಲ್ಲಿ ಶಾಶ್ವತಶಾಂತಿಯನ್ನು ಕುರಿತು ಬರೆದ ಜರ್ಮನ್ ತತ್ತ್ವಜ್ಞಾನಿ ಕಾಂಟನು, ಭೂಮಿಯು ಗೋಳವಾದ್ದರಿಂದ ಮನುಷ್ಯರು ದೂರದೂರ ಚದುರಿಹೋಗುವಂತಿಲ್ಲ, ಪರಸ್ಪರ ಸಹಿಸಿಕೊಳ್ಳಲೇಬೇಕು ಎಂದು ವಾದಿಸಿ, ಪರದೇಶಿಗೆ ಬಂದುಹೋಗುವ ಹಕ್ಕನ್ನು ಕೊಟ್ಟನು. ಅತಿಥಿಯಾಗಿ ನೆಲಸುವ ಹಕ್ಕನ್ನು ಕೊಡಲಿಲ್ಲ. ಅದಕ್ಕೆ ಬೇರೆಯೇ ಒಪ್ಪಂದ ಬೇಕೆಂದನು. ತಿಂಗಳುಗಟ್ಟಲೆ ನಿಲ್ಲುವ ಪಯಣಿಗನು ಈ ಎರಡು ಲಕ್ಷಣಗಳಿಗೂ ಹೊಂದುವುದಿಲ್ಲ. ಅವನು ಅತಿಥಿಯೂ ಅಲ್ಲ, ಊರವನೂ ಅಲ್ಲ. ಆದರೂ ಊರಿನ ನೀರನ್ನು ಕುಡಿಯುವನು. ಕಡಲಂಚಿನ ಮರಳು ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಮಿತಿಮೀರಿ ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕಡಲಿನಿಂದ ಬಂದು ಎರಡೆರಡು ಸಲ ಸ್ನಾನ ಮಾಡುವವನು ಯಾರ ಬಾವಿಯನ್ನು ಬತ್ತಿಸುತ್ತಿದ್ದಾನೆಂದು ತಿಳಿಯನು. ಬೆಳಿಗ್ಗೆ ತರಕಾರಿಯ ಬುಟ್ಟಿ ಹೊತ್ತು ಪೇಟೆಗೆ ಬರುವ ಹಾಲಕ್ಕಿ ಹೆಂಗಸಿನ ಚಿತ್ರವನ್ನು ಅವನು ತೆಗೆದುಕೊಂಡಿರುವನು. ಅವಳ ಊರು ಯಾವುದೆಂದು ಕೇಳಿರಲಾರನು.

2020ರ ಮಾರ್ಚ್ ತಿಂಗಳಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಪಯಣಿಗರು ಅನೇಕ ಕಡೆ ಇದ್ದಲ್ಲಿಯೇ ಸಿಕ್ಕಿಬಿದ್ದರು. ಹೊರಟುಹೋಗುವ ಸ್ವಾತಂತ್ರ್ಯವು ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಪಕ್ಕದ ಮಂಚದವನು ಇದ್ದಕ್ಕಿದ್ದಂತೆ ನೆರೆಯವನಾದನು.

ಆದರೆ ಅಂಥ ಆಪತ್ತಿಗಾಗಿ ಕಾಯಬೇಕಾಗಿಲ್ಲ. ಇಂಥ ವಸತಿಗಳ ಅಡಿಗೆಮನೆಗಳಲ್ಲಿ ಒಂದು ಹಲಗೆಯನ್ನು ಬೇರೆಯಾಗಿ ಇಟ್ಟಿರುವುದುಂಟು. ಹೊರಡುವವರು ತಮ್ಮಲ್ಲಿ ಉಳಿದದ್ದನ್ನು ಅದರ ಮೇಲೆ ಬಿಟ್ಟುಹೋಗುವರು: ಅರ್ಧ ಪಾವು ಅಕ್ಕಿ, ತಳದಲ್ಲಿ ನಿಂತ ಎಣ್ಣೆ, ಒಂದು ಪೊಟ್ಟಣ ಉಪ್ಪು, ಮೂಲೆ ಮಡಿಸಿದ ಸಕ್ಕರೆಯ ಚೀಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಬಿಟ್ಟವನು ತೆಗೆದುಕೊಂಡವನನ್ನು ಕಂಡಿರುವುದಿಲ್ಲ. ಬಾಡಿಗೆಯ ಚೀಟಿಯಲ್ಲಿ ಅದರ ಹೆಸರೂ ಇರುವುದಿಲ್ಲ. ಎಂಟು ಮಂಚದ ಕೋಣೆಯಲ್ಲಿ ಜ್ವರದಿಂದ ಮಲಗಿರುವವನಿಗೆ ಗಂಜಿ ಬೇಯಿಸಲು ಯಾರಾದರೂ ಎದ್ದುಬಂದರೆ, ಅಕ್ಕಿಯು ಅಲ್ಲಿ ಸಿದ್ಧವಾಗಿಯೇ ಇದೆ.